ಮುಳ್ಳು ಬಿಡಿಸುವ ಕೈ

ಗಂಡ ಅದೆಲಿನೊ ಸತ್ತು ಹನ್ನೆರಡು ದಿನವಾದರೂ ಇಜೌರಾಳ ಕಣ್ಣಿಂದ ಒಂದು ಹನಿ ಉದುರಿರಲಿಲ್ಲ. ಏಳನೇ ದಿನದ ಪೂಜೆಯಲ್ಲೂ ಕರಿ ಬಟ್ಟೆ ತೊಟ್ಟು ಕಂಬದ ಹಾಗೆ ಕೂತಿದ್ದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಪಕ್ಕದ ಮನೆಯ ಕುಶ್ತೋದಿಯಾ ಇಗರ್ಜಿಯ ಮೆಟ್ಟಿಲ ಮೇಲೇ ಅಂದಳು: "ನಮ್ಮನೆ ಬೆಕ್ಕು ಸತ್ತಾಗ ನಾನು ಇದಕ್ಕಿಂತ ಜಾಸ್ತಿ ಅತ್ತಿದ್ದೆ ಕಣ್ರೇ."

ಇಜೌರಾಗೆ ಸಿಟ್ಟೂ ಬರಲಿಲ್ಲ. ಒಳಗೆ ಕೊರೆಯುತ್ತಿದ್ದದ್ದು ಬೇರೆ. ಐವತ್ತು ವರ್ಷ ಬಾಳಿದ್ದು ಬರೀ ರೂಢಿಯೇ? ಆ ಮನುಷ್ಯನ ಮೇಲೆ ತನಗೆ ಪ್ರೀತಿಯೇ ಇರಲಿಲ್ಲವೇ? ಹೌದೆನ್ನಲು ಭಯ, ಅಲ್ಲವೆನ್ನಲು ಸಾಕ್ಷಿಯಿಲ್ಲ.

ಆ ಭಾನುವಾರ ಅವರ ಮದುವೆಗೆ ಐವತ್ತು ತುಂಬುವ ದಿನ. ಮಗಳು ಗ್ರಾಸಿಯೆಟ ಎರಡು ತಿಂಗಳ ಹಿಂದೆಯೇ ಬಂದರಿನ ಹಳೇ ಮೀನಿನ ಕಾರ್ಖಾನೆಯಲ್ಲಿ ತೆರೆದಿದ್ದ ಹೋಟೆಲಿನಲ್ಲಿ ಮೂವರಿಗೆ ಬ್ರಂಚ್ ಹೇಳಿಟ್ಟಿದ್ದಳು.

"ಅಪ್ಪಂಗೆ ಅಲ್ಲಿ ಕೂತು ತಿನ್ಬೇಕು ಅಂತ ಎಷ್ಟು ಆಸೆ ಇತ್ತು. ಹೋಗೋಣ ಬಾಮ್ಮ."

"ತಿಂಡೀನೂ ಅಲ್ಲ, ಊಟಾನೂ ಅಲ್ಲ, ಅದೆಂಥದೇ ಅದು?" ಎಂದಳು ಇಜೌರಾ. ಆದರೂ ಹೊರಟಳು. ಬೇಡ ಎನ್ನುವುದಕ್ಕೂ ಮನಸ್ಸಿನಲ್ಲಿ ಕಸುವು ಬೇಕಲ್ಲ.

ಸೆಟುಬಾಲ್ ಊರಿನ ಆ ಕಾರ್ಖಾನೆಗೆ ಅವಳು ಕಾಲಿಟ್ಟಾಗ ಹನ್ನೊಂದು ವರ್ಷ. ದೋಣಿ ಬಂತೆಂದು ಸೈರನ್ ಕೂಗಿದರೆ ಅರ್ಧ ತಿಂದ ಬ್ರೆಡ್ಡನ್ನು ಬಿಟ್ಟು ಓಡಬೇಕು, ಬೂತಾಯಿ ಮೀನಿನ ತಲೆ ಕಿತ್ತು ಡಬ್ಬಿಗೆ ಜೋಡಿಸಬೇಕು. ಮೇಸ್ತ್ರಿ ಅವಳ ಡಬ್ಬಿಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದ. ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರದವನೇ ಅದೆಲಿನೊ. ಮದುವೆಯಾದ ತಿಂಗಳಲ್ಲೇ ಅವನ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿ ಪ್ರಾಣ ಹೋಗಿ ಬಂದಿತ್ತು. "ಮೀನಿನ ಕಾರ್ಖಾನೆಯವಳಂತೆ, ಮುಳ್ಳು ಬಿಡಿಸೋಕೆ ಬರಲ್ವಂತೆ," ಎಂದು ಅತ್ತೆ ಚುಚ್ಚಿದ್ದಳು. ಅಂದಿನಿಂದ ಅವನ ತಟ್ಟೆಯ ಮೀನಿನ ಮುಳ್ಳನ್ನೆಲ್ಲ ಇಜೌರಾಳೇ ತೆಗೆದು ಕೊಡುತ್ತಿದ್ದಳು. ಅವನು ಪರೀಕ್ಷಿಸದೆ ತಿನ್ನುತ್ತಿದ್ದ. ಅವಳ ಕೆಲಸವನ್ನು ತಿರುವಿ ನೋಡದವನು ಜಗತ್ತಿನಲ್ಲಿ ಅವನೊಬ್ಬನೇ.

ವರ್ಷಗಟ್ಟಲೆ ಉಪ್ಪುನೀರಲ್ಲಿ ನೆಂದ ಅವಳ ಬೆರಳ ತುದಿಗಳು ಮರಗಟ್ಟಿ ಹತ್ತು ವರ್ಷವಾಗಿತ್ತು. ಸೂಜಿ ಚುಚ್ಚಿದರೂ ತಿಳಿಯದು. ಅದನ್ನವಳು ಯಾರಿಗೂ ಹೇಳಲಿಲ್ಲ, ಮುಳ್ಳು ಬಿಡಿಸುವುದನ್ನೂ ಬಿಡಲಿಲ್ಲ. ಹಟಮಾರಿ ಹೆಂಗಸು. ಈಚಿನ ವರ್ಷಗಳಲ್ಲಿ ಅದೆಲಿನೊ ತುಂಬಾ ನಿಧಾನ ತಿನ್ನುತ್ತಿದ್ದ, ತುತ್ತು ತುತ್ತಿಗೂ ಕಾಗದದ ಕರವಸ್ತ್ರದಿಂದ ಬಾಯೊರೆಸಿ ಅದನ್ನು ಜೇಬಿಗೆ ತುರುಕುತ್ತಿದ್ದ. "ಬೇಗ ತಿನ್ನೋ ಮುದುಕ, ಪಾತ್ರೆ ತೊಳೀಬೇಕು," ಎಂದು ಇವಳು ಬಯ್ಯುತ್ತಿದ್ದಳು. ಹೋದ ವಾರ ಅವನ ಕೋಟನ್ನು ಇಗರ್ಜಿಗೆ ಕೊಡುವ ಮುಂಚೆ ಜೇಬು ತಡವಿದರೆ ಅಂಥ ಕಾಗದದುಂಡೆಗಳು ಏಳೆಂಟು ಸಿಕ್ಕವು. ಬಿಚ್ಚಿ ನೋಡದೆ ಕಸಕ್ಕೆ ಹಾಕಿದ್ದಳು.

ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಕಡಲಹಕ್ಕಿಗಳ ಪಾಲಾಗಿತ್ತು. ಆಮೇಲೆ ಯಾರೋ ಬಂದು ಗೋಡೆಗೆ ಪಾರಂಪರಿಕ ಕಟ್ಟಡವೆಂಬ ಫಲಕ ಹೊಡೆದರು, ಮೀನು ಕೊಯ್ಯುತ್ತಿದ್ದ ಅಮೃತಶಿಲೆಯ ಮೇಜುಗಳ ಮೇಲೆ ಹೂದಾನಿ ಇಟ್ಟರು. ಅದೇ ಮೇಜಿಗೆ ತಾಯಿ ಮಗಳು ಕೂತರು. ಮೂರನೇ ಕುರ್ಚಿ ಖಾಲಿ.

"ಯಜಮಾನರು ಆಮೇಲೆ ಬರ್ತಾರಾ?" ಎಂದು ಕೇಳಿದ ಬಡಿಸುವವನು.

ಗ್ರಾಸಿಯೆಟ ಬಾಯಿ ತೆರೆಯುವಷ್ಟರಲ್ಲಿ ಇಜೌರಾ ಅಂದಳು: "ತಟ್ಟೆ ಇರ್ಲಿ."

ಕುರಿಹಾಲಿನ ಚೀಸು, ಸೀಬೆಯಂಥ ಹಣ್ಣಿನ ಗಟ್ಟಿ ಮುರಬ್ಬ, ಹಾಲು ಹಾಕಿದ ಕಾಫಿ ಬಂದವು. ಇಜೌರಾಗೆ ಎಲ್ಲವೂ ಹಿಟ್ಟು ಅಗಿದ ಹಾಗಿತ್ತು. ಕಡೆಗೆ ದಪ್ಪ ಬ್ರೆಡ್ಡಿನ ಮೇಲೆ ಕೆಂಡದಲ್ಲಿ ಸುಟ್ಟ ಬೂತಾಯಿ ಬಂತು. ಅವಳ ಕೈ ತಾನಾಗಿ ಎದ್ದಿತು. ಬೆನ್ನುಮೂಳೆ ಎಳೆದು, ಸಣ್ಣ ಮುಳ್ಳುಗಳನ್ನು ತಟ್ಟೆಯಂಚಿಗೆ ಸರಿಸಿ, ಬಿಳಿ ತಿರುಳನ್ನು ಖಾಲಿ ಕುರ್ಚಿಯ ಮುಂದಿನ ತಟ್ಟೆಗೆ ಹಾಕಿದಳು.

"ಅಮ್ಮ," ಎಂದಳು ಗ್ರಾಸಿಯೆಟ ಮೆಲ್ಲಗೆ, "ಯಾರಿಗಮ್ಮ ಅದು?"

ಇಜೌರಾ ತಟ್ಟೆಯನ್ನೇ ನೋಡಿದಳು. ಆಗಲೂ ಕಣ್ಣು ಒದ್ದೆಯಾಗಲಿಲ್ಲ.

"ನೀನೇ ತಿನ್ನಮ್ಮ. ಯಾವತ್ತೂ ಅಪ್ಪಂದು ಮುಗಿದ್ಮೇಲೆ ಉಳಿದಿದ್ದನ್ನೇ ತಿಂದವಳು ನೀನು."

ಐವತ್ತು ವರ್ಷದಲ್ಲಿ ಮೊದಲ ಸಲ ಅವನ ಪಾಲಿನ ತುತ್ತು ಅವಳ ಬಾಯಿಗೆ ಹೋಯಿತು. ಅಗಿಯುವಷ್ಟರಲ್ಲಿ ನಾಲಿಗೆಗೆ ಒಂದು ಮುಳ್ಳು ಸಿಕ್ಕಿತು. ಅದನ್ನು ಕಾಗದದ ಕರವಸ್ತ್ರಕ್ಕೆ ಉಗಿದಳು. ಮುಂದಿನ ತುತ್ತಿನಲ್ಲಿ ಇನ್ನೆರಡು. ಕರವಸ್ತ್ರವನ್ನು ಉಂಡೆ ಮಾಡಿದ ಕೈ ಅಲ್ಲೇ ನಿಂತಿತು.

ಎಷ್ಟು ವರ್ಷದಿಂದ? ಮುಳ್ಳೆಂದರೆ ಜೀವ ಬಿಡುತ್ತಿದ್ದವನು ಒಂದೊಂದು ತುತ್ತನ್ನೂ ಹೆದರಿ ಹೆದರಿ ನುಂಗುತ್ತಾ, ಇವಳ ಕಣ್ಣಿಗೆ ಬೀಳದಂತೆ ಉಗಿಯುತ್ತಾ, ಬೈಸಿಕೊಳ್ಳುತ್ತಾ ಕೂತಿದ್ದನಲ್ಲ. ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ.

"ಗ್ರಾಸಿಯೆಟ, ಅಪ್ಪನ ಜೇಬಲ್ಲಿ ಕಾಗದದುಂಡೆ ಸಿಕ್ಕಿದ್ವಲ್ಲ, ಆ ಕಸ ಇನ್ನೂ ಮನೇಲಿದೆಯೇನೇ?"

"ಇಲ್ಲಮ್ಮ, ಶುಕ್ರವಾರನೇ ಗಾಡಿ ಬಂದು ಹೋಯ್ತಲ್ಲ. ಯಾಕೆ?"

ಇಜೌರಾ ಕೈಯಲ್ಲಿದ್ದ ಉಂಡೆಯನ್ನು ತನ್ನ ಕರಿ ಅಂಗಿಯ ಜೇಬಿಗೆ ಹಾಕಿ, ಅದರ ಮೇಲೆ ಅಂಗೈ ಒತ್ತಿಕೊಂಡು, ಅಳತೊಡಗಿದಳು.