ಈಶಾನ್ಯ ಮೂಲೆಯ ಕಂಬಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಕಟ್ಟಡದ ಕೆಲಸದ ಉಸ್ತುವಾರಿ ನೋಡಿಕೊಳ್ಳುವವನಿಗೆ ಅದು ಇನ್ನೆಲ್ಲಿರಬೇಕೋ ಗೊತ್ತಿಲ್ಲ. ಅರಸೀಕೆರೆಯಲ್ಲಿ ನಮ್ಮ ಗಾರೆಯವರಿಗೆ ಹೆಲ್ಮೆಟ್ ಹಾಕಿಕೊಳ್ಳಿ ಎಂದರೆ ತಲೆ ಕೆರೆಯುತ್ತದೆ ಎನ್ನುತ್ತಾರೆ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಹಗ್ಗ ಸಿಕ್ಕಿಸಿಕೊಳ್ಳಿ ಎಂದರೆ, ಗೂಟಕ್ಕೆ ಕಟ್ಟಲು ನಾವೇನು ದನವೇ ಎಂದು ನಗುತ್ತಾರೆ. ಹೀಗಾಗಿ ನಾನು ಮನುಷ್ಯರನ್ನು ನಂಬುವುದು ಬಿಟ್ಟು ಕಂಬಿಯನ್ನು ನಂಬಿದೆ. ಮೇಲಂತಸ್ತಿನ ಅಂಚಿನ ಸುತ್ತ ಪೈಪು ನಿಲ್ಲಿಸಿ, ಸೊಂಟದೆತ್ತರಕ್ಕೆ ಅಡ್ಡಕಂಬಿ ಬಿಗಿಸಿಬಿಡುತ್ತಿದ್ದೆ. ಕಂಬಿಗೆ ತಲೆ ಕೆರೆಯುವುದಿಲ್ಲ, ನಾಚಿಕೆಯೂ ಆಗುವುದಿಲ್ಲ.

ನಮ್ಮ ಮೇಸ್ತ್ರಿ ನನ್ನ ಅಕ್ಕನ ಗಂಡ. ಹಳೇಬೀಡಿನ ಹತ್ತಿರದ ಹುಲಿಕೆರೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮಾತು ಜೋರು, ಕೈ ಅದಕ್ಕಿಂತ ಜೋರು. ಕಂಬಿ ಕಟ್ಟಿದ ಮೊದಲ ದಿನ ನನ್ನನ್ನು ಎಲ್ಲರೆದುರು ಬಾಲವಾಡಿ ಟೀಚರ್ ಎಂದು ಕರೆದರು. ಆದರೆ ವಾರ ಕಳೆಯುವುದರೊಳಗೆ ಬೀಡಿ ಸೇದುವಾಗ, ಆಳುಗಳನ್ನು ಬೈಯುವಾಗ ಅದೇ ಕಂಬಿಗೆ ಬೆನ್ನು ಕೊಟ್ಟು ನಿಲ್ಲತೊಡಗಿದರು. ನನಗೆ ಒಳಗೊಳಗೇ ಗೆದ್ದ ಖುಷಿ.

ತಾರಸಿಗೆ ಕಾಂಕ್ರೀಟ್ ಸುರಿಯುವುದನ್ನು ನಮ್ಮ ಕಡೆ ಮೋಲ್ಡ್ ಹಾಕುವುದು ಎನ್ನುತ್ತಾರೆ. ಅದು ಅರ್ಧ ಕೆಲಸ, ಅರ್ಧ ಹಬ್ಬ. ಮೊದಲ ಬಾಂಡ್ಲಿ ಕಾಂಕ್ರೀಟ್ ಬೀಳುವುದು ಈಶಾನ್ಯ ಮೂಲೆಗೆ, ಅದಕ್ಕೂ ಮೊದಲು ಅಲ್ಲಿ ಪೂಜೆ. ದೇವಮೂಲೆಯಲ್ಲಿ ಚಪ್ಪಲಿ ಹಾಕುವಂತಿಲ್ಲ, ಬೆಲ್ಟ್ ಕಟ್ಟಿಕೊಂಡು ಕೈ ಮುಗಿಯುವಂತಿಲ್ಲ, ಬೆಳಕು ಬರುವ ದಿಕ್ಕಿಗೆ ಕಬ್ಬಿಣ ಅಡ್ಡ ನಿಲ್ಲುವಂತಿಲ್ಲ. ಈ ಕೊನೆಯದನ್ನು ಯಾವ ಶಾಸ್ತ್ರ ಹೇಳಿದೆಯೋ ನಾನರಿಯೆ. ನಾವು ಕಟ್ಟುತ್ತಿದ್ದ ಮನೆಯ ಯಜಮಾನರು, ಕೊಬ್ಬರಿ ವ್ಯಾಪಾರಿಗಳು, ಆ ಮೂಲೆಯ ಕಂಬಿ ಬಿಚ್ಚಲೇಬೇಕೆಂದು ಹಟ ಹಿಡಿದರು. ಹಿಂದಿನ ದಿನವೇ ನಾನು ಅವರೊಂದಿಗೆ ಜಗಳವಾಡಿ, ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಬಂದಿದ್ದೆ.

ಬೆಳಿಗ್ಗೆ ನಾನು ಕೆಳಗೆ ಮಿಕ್ಸರ್ ಹತ್ತಿರ ಇದ್ದಾಗ ಭಾವನೇ ಸ್ಪ್ಯಾನರ್ ಹಿಡಿದು ಆ ಮೂಲೆಯ ಕಂಬಿ ಬಿಚ್ಚಿದರು. ಬಾಮೈದನಿಗೆ ಹೇಳಿದರೆ ಕುಣಿದಾಡುತ್ತಾನೆ, ಪೂಜೆ ಮುಗಿದ ಮೇಲೆ ಹಾಕಿದರಾಯಿತು ಎಂದರಂತೆ.

ಪೂಜೆ ಚೆನ್ನಾಗಿಯೇ ಆಯಿತು. ತೆಂಗಿನಕಾಯಿ ಒಡೆದು, ಕರ್ಪೂರ ಹಚ್ಚಿ, ಮೊದಲ ಬಾಂಡ್ಲಿ ಸುರಿದರು. ಅಕ್ಷತೆ ಹಾಕಲು ಯಜಮಾನರ ಹೆಂಡತಿ ಮುಂದೆ ಬಂದರು. ಅವರಿಗೆ ಜಾಗ ಬಿಡಲು ಭಾವ ಒಂದು ಹೆಜ್ಜೆ ಸರಿದು, ವಾರವೆಲ್ಲ ಮಾಡಿದ ಹಾಗೆ, ಹಿಂದಕ್ಕೆ ಒರಗಿದರು. ಒರಗಲು ಅಲ್ಲಿ ಏನೂ ಇರಲಿಲ್ಲ.

ಜಲ್ಲಿಯ ರಾಶಿಯ ಪಕ್ಕ ಬಿದ್ದಿದ್ದ ಅವರನ್ನು ಎತ್ತಿಕೊಂಡು ಹಾಸನಕ್ಕೆ ಓಡಿದೆವು. ಜೀವ ಉಳಿಯಿತು, ಸೊಂಟದ ಕೆಳಗಿನ ಸ್ವಾಧೀನ ಹೋಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಭಾವ ಒಂದು ಮಾತು ಶುರುಮಾಡಿದರು. ಪೂಜೆ ಆಗಿದ್ದರಿಂದ ತಾನು ಉಳಿದೆ, ದೇವಮೂಲೆಯಿಂದ ಬಿದ್ದವನನ್ನು ದೇವರೇ ಕೈಯೊಡ್ಡಿ ಹಿಡಿದ. ನೋಡಲು ಬಂದವರೆಲ್ಲರ ಮುಂದೆ ಇದೇ ಕಥೆ. ಹೇಳುವಾಗ ಮುಖದಲ್ಲಿ ಕಳೆ ಬರುತ್ತಿತ್ತು, ಅಕ್ಕ ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದಳು. ಬಿಚ್ಚಿದ ಕಂಬಿಯ ಮಾತು ಅದರಲ್ಲಿ ಎಲ್ಲೂ ಬರುತ್ತಿರಲಿಲ್ಲ. ಆದರೂ ಬಾಯಿ ಬಿಗಿಹಿಡಿದುಕೊಂಡಿದ್ದೆ. ಹಾಸಿಗೆ ಹಿಡಿದವರ ಕೈಯಿಂದ ಏನನ್ನೆಂದು ಕಿತ್ತುಕೊಳ್ಳುವುದು?

ಆದರೆ ಕಥೆ ಹುಲಿಕೆರೆಯಲ್ಲೇ ಉಳಿಯಲಿಲ್ಲ. ನಮ್ಮ ಮುಂದಿನ ಕೆಲಸ ಬೇಲೂರಿನಲ್ಲಿ. ಭಾವನ ಕೆಳಗೆ ಕೆಲಸ ಕಲಿತ ಇಬ್ಬರು ಗಾರೆಯವರು ಅಲ್ಲಿನ ಮೇಸ್ತ್ರಿಗಳು. ಮೋಲ್ಡ್ ಹತ್ತಿರ ಬಂದಂತೆ ಅವರು ಈಶಾನ್ಯ ಮೂಲೆ ಬಿಚ್ಚಲೇಬೇಕೆಂದು ಪಟ್ಟು ಹಿಡಿದರು. ನಿಮ್ಮ ಭಾವನನ್ನೇ ಪೂಜೆ ಕಾಪಾಡಲಿಲ್ಲವೇ ಎಂದು ನನ್ನನ್ನೇ ಕೇಳಿದರು. ನಾನು ಕೂಗಾಡಿದೆ. ಕೆಲಸದಿಂದ ತೆಗೆಯುತ್ತೇನೆ ಎಂದೆ. ಇಬ್ಬರೂ ಸುಮ್ಮನೆ ತಲೆಯಾಡಿಸಿದರು. ನಾನು ಕೆಳಗಿಳಿದ ಕೂಡಲೇ ಸ್ಪ್ಯಾನರ್ ಹಿಡಿಯುತ್ತಾರೆಂಬುದು ಆ ತಲೆಯಾಡಿಸುವಿಕೆಯಲ್ಲೇ ಗೊತ್ತಾಯಿತು.

ಇಬ್ಬರನ್ನೂ ಬೈಕಿನಲ್ಲಿ ಕೂರಿಸಿಕೊಂಡು ಭಾವನ ಹತ್ತಿರ ಹೋದೆ. ಆ ಕಾಲುಗಳನ್ನು ಕಣ್ಣಾರೆ ಕಂಡರೆ ಬುದ್ಧಿ ಬರಬಹುದು ಎಂದುಕೊಂಡಿದ್ದೆ. ಅವರು ಕಾಲು ನೋಡಲೇ ಇಲ್ಲ, ಭಾವನ ಮುಖ ನೋಡುತ್ತ ಕೂತರು. ಅಕ್ಕ ದಿಂಬು ಸರಿಪಡಿಸಿದಳು. ಭಾವ ಮತ್ತೆ ಕರ್ಪೂರದಿಂದ ಹಿಡಿದು ದೇವರ ಕೈವರೆಗೆ ಎಲ್ಲವನ್ನೂ ಹೇಳಿದರು. ಗಾರೆಯವರಲ್ಲಿ ಒಬ್ಬ ಕೈ ಮುಗಿದ.

ಇನ್ನು ತಡೆಯಲಾಗಲಿಲ್ಲ.

"ಭಾವ, ಪೂಜೆ ನಿಮ್ಮನ್ನ ಉಳಿಸ್ಲಿಲ್ಲ. ಆ ಕಂಬಿ ಇದ್ದಿದ್ರೆ ನೀವು ಬೀಳ್ತಾನೇ ಇರ್ಲಿಲ್ಲ" ಎಂದೆ.

ಭಾವ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಅವರು ನನ್ನಿಂದ ಕಣ್ಣು ತೆಗೆದು ಸೂರಿನತ್ತ ನೋಡಿದರು.

"ಹಂಗಾರೆ ನನ್ ಕಾಲು ಸುಮ್ಸುಮ್ನೆ ಹೋದ್ವು ಅಂತೀಯೇನಯ್ಯ?"

ಗಾರೆಯವರು ನನ್ನತ್ತ ತಿರುಗಿದರು. ಇಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಭಾವನ ಮನಸ್ಸು ಉಳಿಯುತ್ತಿತ್ತು, ಆದರೆ ಬೇಲೂರಿನ ಆ ಮೂಲೆಯ ಕಂಬಿ ಬಿಚ್ಚಿಹೋಗುತ್ತಿತ್ತು.

"ಹೌದು ಭಾವ" ಎಂದೆ.

ನಾನು ಚಪ್ಪಲಿ ಮೆಟ್ಟುವಾಗ ಅಕ್ಕ ಬಾಗಿಲಿಗೆ ಬಂದಳು. ದನಿ ಏರಿಸಲಿಲ್ಲ. "ಅದೊಂದು ಮಾತು ಹಿಡ್ಕಂಡು ದಿನಾ ಎದ್ದು ಕೂರ್ತಿದ್ರು ಕಣೋ. ಅದ್ನೂ ಕಿತ್ಕಂಡ್ಯಲ್ಲ" ಎಂದು ಒಳಗೆ ಹೋದಳು.

ಬೇಲೂರಿನ ಮೋಲ್ಡ್ ದಿನ ಯಾರೂ ಸ್ಪ್ಯಾನರ್ ಮುಟ್ಟಲಿಲ್ಲ. ಕಂಬಿಯ ಒಳಗಡೆಯೇ ಪೂಜೆ ಮಾಡಿದರು, ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟರು. ಸಂಜೆ ಎಲ್ಲರೂ ಸುಖವಾಗಿ ಇಳಿದು ಬಂದರು. ಅಕ್ಕನಿಗೆ ಹೇಳೋಣವೆಂದು ಫೋನ್ ಮಾಡಿದೆ, ಅವಳು ಎತ್ತಲಿಲ್ಲ. ಆಮೇಲೆ ಹುಲಿಕೆರೆಯವರೊಬ್ಬರು ಬಸ್ ನಿಲ್ದಾಣದಲ್ಲಿ ಸಿಕ್ಕರು. ಭಾವ ಈಗ ಯಾರು ಬಂದರೂ ಎದ್ದು ಕೂರುವುದಿಲ್ಲವಂತೆ, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರಂತೆ.