ಕಾಕಾನ ಕೋಟಿನ ಕಿಸೆ

ಇಂದು ಬೆಳಿಗ್ಗೆ ಇಸ್ತ್ರಿ ಮೇಜಿನ ಮೇಲೆ ಹಾಸಿದ್ದ ಹಳೆಯ ಪೇಪರ್ ತೆಗೆದೆ. ಒಂದು ಫೋಟೋದ ಸುತ್ತ ನೀಲಿ ಸೀಮೆಸುಣ್ಣದ ಗೆರೆ ಇನ್ನೂ ಉಳಿದಿತ್ತು. ಬಟ್ಟೆಗೆ ಗುರುತು ಹಾಕುವ ಸುಣ್ಣ, ಕಾಕಾನ ಕೈ.

ಬೈಲಹೊಂಗಲದಲ್ಲಿ ಕಾಕಾನದು ಟೇಲರ್ ಅಂಗಡಿ. ಎರಡನೆಯ ಮಷಿನ್ ನನ್ನದು. ನೀವು ಪೇಪರಿನಲ್ಲಿ ಸುದ್ದಿ ಓದುತ್ತೀರಿ. ಅವನು ಫೋಟೋದಲ್ಲಿದ್ದವರ ಹೊಲಿಗೆ ನೋಡುತ್ತಿದ್ದ.

"ಈ ಸಾಹೇಬರ ಅಂಗಿ ಕಿಸೆ ಎಡಕ್ಕ ಬಿಟ್ಟು ಬಲಕ್ಕ ಐತಿ ನೋಡೋ. ಫೋಟೋ ತಿರುವಿ ಹಾಕ್ಯಾರ. ಇಲ್ಲಾಂದ್ರ ಇವರ ಟೇಲರ್ ಕುಡದಿದ್ದ."

ಸವದತ್ತಿಯ ಯಾವುದೋ ಸಭೆಯ ಫೋಟೋದಲ್ಲಿ ಹಳದಿ ರುಮಾಲಿನ ಒಬ್ಬನೇ ಮನುಷ್ಯ ಎರಡು ಕಡೆ ನಿಂತಿದ್ದ. "ಮಂದಿ ಕಡಿಮಿ ಬಿದ್ದಾರ, ತ್ಯಾಪಿ ಹಚ್ಚ್ಯಾರ," ಎಂದು ಕಾಕಾ ಗೆರೆ ಎಳೆದ. ಕತ್ತರಿಸಿ ಇಡುತ್ತಿರಲಿಲ್ಲ. ಬಟ್ಟೆ ಕತ್ತರಿ ಕಾಗದಕ್ಕೆ ತಾಗಿದರೆ ಹರಿತ ಹೋಗುತ್ತದೆಂದು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

"ನಂಬಿಕಿ ಇಲ್ಲಂದ್ರ ಪೇಪರ್ ಯಾಕ ತರಸ್ತಿ ಕಾಕಾ?"

"ಹೊಲಿಗಿ ನೋಡಾಕ ಅಂಗಿ ಬೇಕಲ್ಲೋ!"

ಹೋದ ವರ್ಷ ಕಾಕಾ ತೀರಿಕೊಂಡ. ಪೇಪರಿಗೆ ಶ್ರದ್ಧಾಂಜಲಿ ಕೊಡುವ ಕೆಲಸ ನನಗೆ ಬಂತು. ಇದ್ದದ್ದು ಒಂದೇ ಫೋಟೋ: ಕೊರಳಲ್ಲಿ ಅಳತೆ ಟೇಪು, ಅಂಗಿಗೆ ಒಂದು ಗುಂಡಿ ಇಲ್ಲ.

"ಇದು ಚಂದ ಕಾಣೂದಿಲ್ರಿ. ಕೋಟ ಹಾಕಲೇನ್ರಿ?" ಎಂದ ಸ್ಟುಡಿಯೋದವನು.

ಊರಿಗೆಲ್ಲ ಕೋಟು ಹೊಲಿದವನಿಗೆ ಒಂದಾದರೂ ಇರಲಿ ಎನ್ನಿಸಿತು. "ಹಾಕ್ರಿ" ಎಂದೆ. ನಾನು ಹೊಲಿಯಲು ಎಂಟು ದಿನ ತೆಗೆದುಕೊಳ್ಳುವ ಕೋಟು ಕಂಪ್ಯೂಟರಿನಲ್ಲಿ ಎರಡು ನಿಮಿಷಕ್ಕೆ ಸಿದ್ಧವಾಯಿತು. ಕೂದಲೂ ಕಪ್ಪಾಯಿತು.

ಮರುದಿನ ಕಾಕೂ ಪೇಪರನ್ನು ಬಹಳ ಹೊತ್ತು ನೋಡಿದಳು. ನಲವತ್ತು ವರ್ಷ ಅವನೊಡನೆ ಬಾಳಿದವಳು. "ಯಾರಪಾ ಇವರು?" ಎಂದು ಕೇಳಿದಳು.

ನಾನು ಬಗ್ಗಿ ನೋಡಿದೆ. ಕೋಟಿನ ಎದೆಗಿಸೆ ಬಲಕ್ಕಿತ್ತು. ಪಕ್ಕದಲ್ಲೇ ದೊಡವಾಡದ ಒಬ್ಬ ಹಿರಿಯರ ಶ್ರದ್ಧಾಂಜಲಿ. ಅವರ ಮೈಮೇಲೂ ಅದೇ ಕೋಟು, ಅದೇ ತಪ್ಪು ಕಿಸೆ. ಸಾವಿನ ಮನೆಯಲ್ಲಿ ನನಗೆ ನಗು ಬಂತು. ಕಾಕಾ ಇದ್ದಿದ್ದರೆ ಇಬ್ಬರಿಗೂ ಸೇರಿಸಿ ಒಂದೇ ಗೆರೆ ಎಳೆಯುತ್ತಿದ್ದ. ಸಂಜೆ ಮಾತಾಡಿಸಲು ಬಂದ ಹಳೆಯ ಗಿರಾಕಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಟೇಲರ್ ಮಾಸ್ತರ ಕೋಟ ನೀನ ಹೊಲಿದೇನು? ಕಿಸೆ ಉಲ್ಟಾ ಆಗೇತಲ್ಲೋ!" ಕಾಕೂ ಆ ಪೇಪರನ್ನು ಮತ್ತೆ ಕೇಳಲಿಲ್ಲ.

ಇಂದಿಗೆ ವರ್ಷವಾಯಿತು. ವರ್ಷದ ಶ್ರದ್ಧಾಂಜಲಿಗೆಂದು ಮೊನ್ನೆ ಅದೇ ಸ್ಟುಡಿಯೋಗೆ ಹೋಗಿ ಗುಂಡಿಯಿಲ್ಲದ ಅದೇ ಫೋಟೋ ಕೊಟ್ಟೆ.

"ಒಂದು ಗುಂಡಿಯರ ಕೂಡಸ್ಲೇನ್ರಿ?"

"ಏನೂ ಮುಟ್ಟಬ್ಯಾಡ್ರಿ."

ನೀಲಿ ಗೆರೆಯ ಹಳೆಯ ಪೇಪರ್ ಮಡಚುತ್ತಿದ್ದಾಗಲೇ ಇಂದಿನದು ಬಂತು. ಒಳಗೆ ಒಯ್ದು ಕೊಟ್ಟೆ. ಕಾಕೂ ಕಣ್ಣಿಗೆ ಹತ್ತಿರ ಹಿಡಿದಳು.

"ಅಯ್ಯ ಇವರ! ಗುಂಡಿ ಹಚ್ಚಿಕೊಳ್ರಿ ಅಂತ ಎಷ್ಟು ಬಡಕೊಂಡೆ! ಊರ ಮುಂದ ಹಿಂಗ ಬಂದು ನಿಂತಾರ ನೋಡು!"

ಬೈಯುತ್ತಲೇ ಫೋಟೋ ಕತ್ತರಿಸಿ ಇಟ್ಟುಕೊಳ್ಳಲು ಕೈ ಚಾಚಿ ಕತ್ತರಿ ಕೇಳಿದಳು. ಅಂಗಡಿಗೆ ಹೋಗಿ ಕಾಕಾನ ಬಟ್ಟೆ ಕತ್ತರಿಯನ್ನೇ ತಂದುಕೊಟ್ಟೆ.