ಅಮಾತೆಪ್ಪನನ್ನು ನಂಬಬ್ಯಾಡ್ರಿ

ಸುರಪುರದ ಓಣಿಗಳಲ್ಲಿ ಹಲಗೆ ಬಾರಿಸಿ ಸರ್ಕಾರದ ಹುಕುಂ ಸಾರುವುದು ಅಮಾತೆಪ್ಪನ ನೌಕರಿ. ಉರ್ದುವಿನಲ್ಲಿ ಕೇಳಿಸಿಕೊಂಡು ಕನ್ನಡದಲ್ಲಿ ಕೂಗಬೇಕು. ಅರ್ಥವಾಗದ್ದನ್ನು ಅವನು ಯಾರನ್ನೂ ಕೇಳುತ್ತಿರಲಿಲ್ಲ, ಊಹಿಸುತ್ತಿದ್ದ. ಊಹೆಯನ್ನು ಜೋರಾಗಿ ಕೂಗಿದರೆ ಅದೇ ಹುಕುಂ ಆಗುತ್ತದೆ ಎಂಬುದು ಅವನ ಅನುಭವ.

ನಿಜಾಮನ ಆಳ್ವಿಕೆ ಮುಗಿದು ಹೊಸ ಸಾಹೇಬರು ಬಂದಿದ್ದರು. ಒಂದು ದಿನ ಕಚೇರಿಯ ಗುಮಾಸ್ತ ಬಾಗಿಲಿಂದಲೇ ಒದರಿದ: "ಭೇಡ್ ಬಕರೀ ಕೀ ಗಿನತೀ, ಕಲ್!" ಕುರಿ ಆಡಿನ ಎಣಿಕೆ, ಸರಿ. ಆದರೆ ಉರ್ದುವಿನಲ್ಲಿ ನಿನ್ನೆಗೂ ಕಲ್, ನಾಳೆಗೂ ಕಲ್. ಅಮಾತೆಪ್ಪ ಯೋಚಿಸಿದ. ಸರ್ಕಾರ ಏನನ್ನಾದರೂ ಮೊದಲೇ ಹೇಳಿದ್ದುಂಟೆ? ನಿಜಾಮ ಹೋದದ್ದೂ ಹೋದ ಮೇಲೆ ತಾನೆ ತಿಳಿದದ್ದು!

"ಕೇಳ್ರಪೋ ಕೇಳ್ರಿ! ನಿನ್ನಿ ಕುರಿ ಎಣಿಕಿ ಮುಗದದ!"

ಎಣಿಸಿದ್ದನ್ನು ಒಬ್ಬರೂ ಕಂಡಿರಲಿಲ್ಲ. ಪಕ್ಕದ ಮನೆಯವು ಎಣಿಕೆಗೆ ಸಿಕ್ಕಿರಬೇಕು, ನಮ್ಮವು ಉಳಿದದ್ದೇ ಲಾಭ ಎಂದುಕೊಂಡು ಎಲ್ಲರೂ ತೆಪ್ಪಗಿದ್ದರು. ಮರುದಿನ ಸಾಹೇಬರು ಬಂದಾಗ ಹಟ್ಟಿಗಳೆಲ್ಲ ಖಾಲಿ, ಕುರಿಗಳು ಅಡವಿಯಲ್ಲಿ.

"ಮೊನ್ನಿ ಎಣಿಸ್ಕೊಂಡು ಹೋಗ್ಯಾರಲ್ರಿ" ಎಂದಳು ಕುರಿ ಸಾಕುವ ಗುರುಲಿಂಗಮ್ಮ.

"ಯಾರು?"

"ನೀವೇ ಇರಬೇಕ್ರಿ. ಸರಕಾರ ಅಂದ್ರ ನೀವೇ ಅಲ್ಲೇನ್ರಿ?"

ಸಾಹೇಬರು ಗಾಬರಿಯಾಗಿ ಗುಮಾಸ್ತನತ್ತ ತಿರುಗಿ, "ಮೊನ್ನೆ ನಾವು ಬಂದಿದ್ದೆವೇನು?" ಎಂದರು. ಸಾಹೇಬರ ಪ್ರಶ್ನೆಗೆ ಇಲ್ಲ ಎಂಬ ಉತ್ತರವೇ ಇರುವುದಿಲ್ಲ ಎಂದು ನಂಬಿದ್ದ ಆ ಪುಣ್ಯಾತ್ಮ "ಹೌದ್ರಿ" ಎಂದುಬಿಟ್ಟ.

ಬಡವನ ಸಿಟ್ಟು ದವಡೆಗೆ ಮೂಲ. ಸಾಹೇಬರ ಸಿಟ್ಟು ಬಡವನ ಹೊಟ್ಟೆಗೆ ಮೂಲ. ತಪ್ಪು ಸಾರಿದ್ದು ಬಯಲಾಗಿ ಅಮಾತೆಪ್ಪನ ನೌಕರಿ ಹೋಯಿತು. ಹೋದದ್ದನ್ನು ಊರಿಗೆ ಸಾರಬೇಕಲ್ಲ? ಹಲಗೆಯವನು ಒಬ್ಬನೇ ಇದ್ದ, ಅವನನ್ನೇ ಕಳಿಸಿದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹೆಂಡತಿ ಮಲ್ಲಾಬಾಯಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಅಮಾತೆಪ್ಪ ಅವಳತ್ತ ನೋಡದೆ ಕೂಗಿದ: "ಇವತ್ತಿನಿಂದ ಅಮಾತೆಪ್ಪ ಡಂಗುರದಾಂವ ಅಲ್ಲ! ಅಂವ ಸಾರಿದ್ದು ಯಾರೂ ನಂಬಬ್ಯಾಡ್ರಿ!"

ಗುರುಲಿಂಗಮ್ಮ ಹೊರಗೆ ಬಂದಳು. "ನೀ ಸಾರಿದ್ದು ನಂಬಬಾರದಂದ್ರ, ಇದನ್ನ ಹ್ಯಾಂಗ ನಂಬೂದೋ ಯಪ್ಪಾ?"

ಓಣಿಗೆ ಓಣಿಯೇ ಹೌದೌದು ಎಂದಿತು. ಮಲ್ಲಾಬಾಯಿ ಕಣ್ಣೊರೆಸಿಕೊಂಡು, "ಹಂಗಾರ ನಾಳಿ ಕೆಲಸಕ್ಕ ಹೋಗು" ಎಂದಳು. ಅವನು ಹೋದ.

"ನಿನ್ನನ್ನು ತೆಗೆದುಹಾಕಿಲ್ಲವೇನೋ?" ಎಂದು ಸಾಹೇಬರು ಗದರಿದರು.

"ನಾ ಸಾರೀನ್ರಿ. ಊರು ಒಪ್ಪವಲ್ದು."

ಸಾಹೇಬರು ಹಣೆ ಚಚ್ಚಿಕೊಂಡು, ಅಂದಿನ ಹುಕುಂ ಹೇಳಿದರು. ಆಮೇಲೆ ಅವರಿಗೇ ವರ್ಗವಾಯಿತು. ಅದನ್ನು ಸಾರಿದವನೂ ಅಮಾತೆಪ್ಪನೇ. ಊರು ಒಂದೇ ಕೂಗಿಗೆ ನಂಬಿತು.